ಕ್ಯಾನ್ವಾಸಿಗೆ ಬಂದ ಹೂವು ಯಾಕೆ ಮಂಕಾಯಿತು? ಅಮೂರ್ತ ಹೂಚಿತ್ರಗಳಿಗೊಂದು ದೋಷ ನಿವಾರಣೆ ಕೈಪಿಡಿ

ಬಾಲ್ಕನಿಯ ಕುಂಡದಲ್ಲಿ ದಾಸವಾಳ ಧಗಧಗ ಅನ್ನುತ್ತಿರುತ್ತದೆ. ಅದನ್ನೇ ನೋಡಿ ಬಳಿದ ಕ್ಯಾನ್ವಾಸ್ ಮಾತ್ರ ಸಪ್ಪೆ. ಆಗ ಬಹುತೇಕರು ಮಾಡುವ ಕೆಲಸ ಒಂದೇ: ಟ್ಯೂಬಿನಿಂದ ಇನ್ನಷ್ಟು ಕೆಂಪು ಹಿಂಡುವುದು. ಚಿತ್ರ ಇನ್ನೂ ಕೆಡುತ್ತದೆ. ಯಾಕೆಂದರೆ ಬಹಳ ಸಲ ತಪ್ಪು ಆ ಕೆಂಪಿನಲ್ಲಿ ಇರುವುದೇ ಇಲ್ಲ. ಪಕ್ಕದ ಹಸಿರಿನಲ್ಲಿ ಇರುತ್ತದೆ, ಮೇಲಿನ ಟ್ಯೂಬ್‌ಲೈಟಿನಲ್ಲಿ ಇರುತ್ತದೆ, ಇಲ್ಲ ಕೆಳಗಿನ ಜೆಸ್ಸೋದಲ್ಲಿ, ಅಂದರೆ ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಬಳಿಯುವ ಬಿಳಿ ಅಸ್ತರಿನಲ್ಲಿ ಇರುತ್ತದೆ.

ಈ ಕೈಪಿಡಿ ಅಕ್ರಿಲಿಕ್ ಬಣ್ಣದಲ್ಲಿ ಹೂವಿನ ಅಮೂರ್ತ ಚಿತ್ರ ಮಾಡುವವರಿಗೆ. ಹೂವನ್ನು ಹೂವಿನಂತೆಯೇ ಬರೆಯುವುದಲ್ಲ, ಅದರ ಬಣ್ಣ, ಬಿರುಸು, ಗುಂಪು, ಬಾಡುವಿಕೆ ಇಂಥದ್ದನ್ನು ಹಿಡಿಯುವ ಚಿತ್ರ. ಇದರಲ್ಲಿ ದೋಷ ಹುಡುಕುವುದು ಸ್ವಲ್ಪ ಕಷ್ಟ. ಮುಖಚಿತ್ರವಾದರೆ ಮೂಗು ಸೊಟ್ಟಗಾಗಿದೆ ಎಂದು ಬೆರಳು ಮಾಡಿ ತೋರಿಸಬಹುದು. ಇಲ್ಲಿ 'ಏನೋ ಸರಿಯಿಲ್ಲ' ಅನ್ನಿಸುತ್ತದೆ ಅಷ್ಟೇ. ಆ 'ಏನೋ' ಯಾವುದು ಅಂತ ಹಿಡಿಯುವವರೆಗೆ ಬ್ರಶ್ ಮುಟ್ಟಬೇಡಿ. ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಖರ್ಚಿಲ್ಲದವು, ಬಣ್ಣ ಮುಟ್ಟದವು ಮೊದಲು ಬರುತ್ತವೆ.

ಮೊದಲು ಬೆಳಕು ನೋಡಿ

ಲಕ್ಷಣ: ರಾತ್ರಿ ಚೆನ್ನಾಗಿ ಕಂಡದ್ದು ಬೆಳಿಗ್ಗೆ ಬೇರೆಯೇ ಕಾಣುತ್ತದೆ. ಅಥವಾ ಉಲ್ಟಾ.

ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಹೆಣಗಿ ಮನೆ ಸೇರಿ, ಊಟ ಆದ ಮೇಲೆ ಹಾಲ್‌ನಲ್ಲಿ ಪೇಪರ್ ಹಾಸಿ ಕೂರುವವರೇ ಈ ಬೆಂಗಳೂರಲ್ಲಿ ಜಾಸ್ತಿ. ತಲೆಯ ಮೇಲಿರುವುದು ಸಾಮಾನ್ಯವಾಗಿ, ಬೆಳಕಿನ ಬಣ್ಣದ ಅಳತೆಯಲ್ಲಿ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಮ್ಮಿ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಬಣ್ಣ ಎಲ್ಲಿಂದ ತಂದು ತೋರಿಸೀತು? ದಾಸವಾಳದ ಕೆಂಪು, ಕನಕಾಂಬರದ ಕಿತ್ತಳೆ ಎರಡೂ ಮಾಸಿದಂತೆ ಕಾಣುತ್ತವೆ. ನೀವು ಸುಮ್ನೆ ಕೆಂಪು ಸೇರಿಸುತ್ತಾ ಹೋಗುತ್ತೀರಿ. ಬೆಳಿಗ್ಗೆ ಎದ್ದು ನೋಡಿದರೆ ಕಣ್ಣಿಗೆ ರಾಚುತ್ತದೆ.

ಪರೀಕ್ಷೆ: ಬೆಳಿಗ್ಗೆ ಹತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಚಿತ್ರ ಇಟ್ಟು ನೋಡಿ. ಅಲ್ಲಿ ಸರಿಯಾಗಿದ್ದರೆ ಚಿತ್ರದಲ್ಲಿ ದೋಷ ಇಲ್ಲ. ಬಲ್ಬ್ ಬದಲಿಸಿ. ಡಬ್ಬಿಯ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಎಂದು ಬರೆದಿರುವ, 4000ದಿಂದ 5000 ಕೆಲ್ವಿನ್ ಒಳಗಿನ ಬಲ್ಬ್ ಸಾಕು. ಮುಗಿದ ಚಿತ್ರ ಯಾವ ಗೋಡೆಗೆ ಹೋಗುತ್ತದೋ ಅಲ್ಲಿನ ದೀಪದಲ್ಲೂ ಒಮ್ಮೆ ನೋಡಿಬಿಡಿ.

ಹಗಲು ಬೆಳಕಿನಲ್ಲೂ ಎರಡು ತೊಂದರೆ ಇವೆ. ನಮ್ಮ ಬಡಾವಣೆಗಳಲ್ಲಿ ಪಕ್ಕದ ಮನೆಯ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಆ ಗೋಡೆಗೆ ಪಿಸ್ತಾ ಹಸಿರು ಹೊಡೆದಿದ್ದರೆ ನಿಮ್ಮ ಕಿಟಕಿಯೊಳಗೆ ಬರುವ ಬೆಳಕೂ ಪಿಸ್ತಾ ಹಸಿರೇ. ಬಿಳಿ ಪೇಪರ್ ಒಂದನ್ನು ಕಿಟಕಿಯ ಹತ್ತಿರ ಹಿಡಿದರೆ ಗೊತ್ತಾಗುತ್ತದೆ. ಇನ್ನೊಂದು, ಟೆರೇಸಿನ ಬಿಸಿಲಿನಲ್ಲಿ ಕೂತು ಮಾಡಿದ ಚಿತ್ರ. ಅಷ್ಟು ಬೆಳಕಿನಲ್ಲಿ ಗಾಢ ಬಣ್ಣವೂ ತಿಳಿಯಾಗಿ ಕಾಣುವುದರಿಂದ ಕೈ ಇನ್ನಷ್ಟು ಗಾಢದತ್ತ ಹೋಗುತ್ತದೆ. ಒಳಗೆ ತಂದರೆ ಇಡೀ ಚಿತ್ರ ಕತ್ತಲೆ. ಜುಲೈ, ಆಗಸ್ಟಿನ ಮೋಡದ ಹಗಲು ಬಣ್ಣ ನೋಡಲು ಬಲು ಒಳ್ಳೆಯದು. ಬಟ್ಟೆ ಒಣಗುವುದಿಲ್ಲ ಎಂದು ಎಲ್ಲರೂ ಬೈಯುವ ಹಗಲು ಅದು.

ಬೆಳಕು ಸರಿ ಇದ್ದೂ ಮನೆಯವರೆಲ್ಲ 'ಯಾಕೆ ಇಷ್ಟು ಕೆಂಪು, ಇಷ್ಟು ಕಂದು' ಅನ್ನುತ್ತಿದ್ದರೆ, ನಿಮ್ಮ ವಯಸ್ಸು ಅರವತ್ತು ದಾಟಿದ್ದರೆ, ಕಣ್ಣು ತೋರಿಸಿ. ಪೊರೆ ಬಂದ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ನೇರಳೆಗಳನ್ನು ತಡೆಯುತ್ತದೆ. ತನ್ನ ತೋಟದ ನೈದಿಲೆಗಳನ್ನೇ ವರ್ಷಗಟ್ಟಲೆ ಬಿಡಿಸಿದ ಫ್ರಾನ್ಸಿನ ಚಿತ್ರಕಾರ ಮೋನೆಗೂ ಹೀಗೇ ಆಗಿತ್ತು. 1923ರಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡರು. ಮಿಂಟೋ ಕಣ್ಣಿನ ಆಸ್ಪತ್ರೆಗೆ ಹೋದರೆ ಕೆ.ಆರ್. ಮಾರುಕಟ್ಟೆಯೂ ಹತ್ತಿರವೇ ಸಿಗುತ್ತದೆ. ಹೂವಿನ ರಾಶಿಗಳನ್ನೂ ನೋಡಿಕೊಂಡು ಬರಬಹುದು.

ಒಣಗಿದ ಮೇಲೆ ಗಾಢವಾಯಿತು

ಇದು ದೋಷ ಅಲ್ಲ, ಅಕ್ರಿಲಿಕ್‌ನ ಗುಣ. ಹಸಿಯಾಗಿದ್ದಾಗ ಅದರ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತದೆ. ನೀರು ಆರಿದ ಮೇಲೆ ಪಾರದರ್ಶಕವಾಗುತ್ತದೆ. ಆ ಬಿಳುಪು ಹೋದಷ್ಟೂ ಬಣ್ಣ ಗಾಢ. ನೇರಳೆ, ನೀಲಿ, ಮೆಜೆಂಟಾಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಹಳದಿಯಲ್ಲಿ ಅಷ್ಟಿಲ್ಲ. ಬೆರೆಸಿದ ಬಣ್ಣವನ್ನು ಮೊದಲು ಒಂದು ಪೇಪರ್ ತುಂಡಿಗೆ ಹಚ್ಚಿ, ಹೇರ್ ಡ್ರೈಯರ್‌ನಿಂದ ಒಣಗಿಸಿ, ಆಮೇಲೆ ಕ್ಯಾನ್ವಾಸಿಗೆ ಹಚ್ಚಿ. ಬೇಕಾದ್ದಕ್ಕಿಂತ ಒಂಚೂರು ತಿಳಿಯಾಗಿಯೇ ಬೆರೆಸುವ ಅಭ್ಯಾಸ ಬೇಗ ಕೈಗೆ ಬರುತ್ತದೆ.

ಬಣ್ಣ ತುಂಬಿದೆ, ಕಳೆಯೇ ಇಲ್ಲ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಕೆಂಪಿದೆ, ಹಸಿರಿದೆ, ಕಿತ್ತಳೆ ಇದೆ, ನೀಲಿ ಇದೆ. ಯಾವುದೂ ಎದ್ದು ಕಾಣುವುದಿಲ್ಲ.

ಪರೀಕ್ಷೆ: ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ. ಜೊತೆಗೆ ಚಿತ್ರದಿಂದ ಎಂಟು ಹತ್ತು ಅಡಿ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಿ. ಎರಡರಲ್ಲೂ ಒಂದೇ ಬೂದು ಬಣ್ಣದ ಹಾಸು ಕಂಡರೆ ನಿಮ್ಮ ಚಿತ್ರದಲ್ಲಿ ಬಣ್ಣದ ವ್ಯತ್ಯಾಸ ಇದೆ, ತಿಳಿ-ಗಾಢದ ವ್ಯತ್ಯಾಸ ಇಲ್ಲ.

ಗುಲ್‌ಮೊಹರ್ ಇದಕ್ಕೆ ಸರಿಯಾದ ಉದಾಹರಣೆ. ಮೇ ತಿಂಗಳಲ್ಲಿ ಜಯನಗರದ ಯಾವುದೋ ರಸ್ತೆಯಲ್ಲಿ ಮರ ಹೊತ್ತಿ ಉರಿಯುತ್ತಿರುತ್ತದೆ. ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಆ ಕೆಂಪೂ ಎಲೆಯ ಹಸಿರೂ ಹೆಚ್ಚುಕಡಿಮೆ ಒಂದೇ ಬೂದು. ಮರದ ಮೇಲೆ ಅದು ನಡೆಯುತ್ತದೆ. ಅಲ್ಲಿ ದಳದೊಳಗಿಂದ ಬಿಸಿಲು ತೂರಿ ಬರುತ್ತದೆ, ಗಾಳಿಗೆ ಗೊಂಚಲು ಅಲುಗುತ್ತದೆ, ಹಿಂದೆ ಆಕಾಶ ಇದೆ. ಕ್ಯಾನ್ವಾಸಿನಲ್ಲಿ ಇವು ಯಾವುವೂ ಇಲ್ಲ. ಬಣ್ಣದಲ್ಲಿ ನಮಗೆ ಸಿಗುವ ಅತಿ ಹೆಚ್ಚಿನ ಬೆಳಕು ಅಂದರೆ ಕ್ಯಾನ್ವಾಸಿನ ಬಿಳುಪು, ಅಷ್ಟೇ. ಬಿಸಿಲಿಗೆ ಹಿಡಿದ ದಳದ ಹೊಳಪಿನ ಜೊತೆ ಪೈಪೋಟಿಗೆ ಇಳಿದರೆ ಸೋಲು ಖಂಡಿತ. ಹೂವನ್ನು ಇನ್ನೂ ಹೊಳೆಸಲು ಆಗದಿದ್ದರೆ ಸುತ್ತಲಿನದನ್ನು ತಗ್ಗಿಸಬೇಕು.

ಪ್ರತಿ ಬಣ್ಣಕ್ಕೂ ಹುಟ್ಟಿನಿಂದಲೇ ತಿಳಿ-ಗಾಢದ ಒಂದು ಮಟ್ಟ ಇದೆ. ಚೆಂಡು ಹೂವಿನ ನಿಂಬೆ ಹಳದಿ ಯಾವತ್ತೂ ತಿಳಿ. ಅದನ್ನು ಗಾಢ ಮಾಡಲು ಹೋದರೆ ಅದು ಹಳದಿಯಾಗಿ ಉಳಿಯುವುದಿಲ್ಲ, ಪಾಚಿ ಬಣ್ಣ ಆಗುತ್ತದೆ. ಶಂಖಪುಷ್ಪದ ನೀಲಿ ಗಾಢ. ಅದನ್ನು ತಿಳಿ ಮಾಡಿದರೆ ಅದರ ಜೀವವೇ ಹೋಗುತ್ತದೆ. ಹಾಗಾಗಿ ಹೂವು ಯಾವ ಮಟ್ಟದ್ದು ಎಂದು ನೋಡಿ, ಹಿನ್ನೆಲೆಯನ್ನು ಅದರಿಂದ ದೂರ ತಳ್ಳಿ. ಚೆಂಡು ಹೂವಿಗೆ ಗಾಢ ಹಸಿರು, ಕಡು ನೇರಳೆ. ಶಂಖಪುಷ್ಪಕ್ಕೆ ತಿಳಿ ಕೆನೆ, ತಿಳಿ ಹಳದಿ.

ಜಕರಂಡಾ ಮಾತ್ರ ತುಂಬಾ ಸತಾಯಿಸುತ್ತದೆ. ಅದು ನಡುವಿನ ಮಟ್ಟದ ನೇರಳೆ, ಹಿಂದೆ ಮಾರ್ಚ್ ತಿಂಗಳ ತಿಳಿ ನೀಲಿ ಆಕಾಶ. ಎರಡೂ ತಣ್ಣನೆ ಬಣ್ಣ. ಇದ್ದದ್ದನ್ನು ಇದ್ದ ಹಾಗೆ ಹಚ್ಚಿದರೆ ಮಂಜು ಕವಿದ ಹಾಗಾಗುತ್ತದೆ. ನಾನಾದರೆ ಆಕಾಶವನ್ನೇ ಕೈಬಿಡುತ್ತೇನೆ. ರಸ್ತೆಗೆ ಉದುರಿದ ಹೂವನ್ನು ತೆಗೆದುಕೊಳ್ಳುತ್ತೇನೆ. ಡಾಂಬರಿನ ಗಾಢ ಬೂದಿನ ಮೇಲೆ ಅದೇ ನೇರಳೆ ಎಷ್ಟು ಚೆಂದ ಬೆಳಗುತ್ತದೆ ನೋಡಿ. ಅಮೂರ್ತ ಚಿತ್ರದಲ್ಲಿ ಈ ಸ್ವಾತಂತ್ರ್ಯ ನಮಗಿದೆ ಅಲ್ವಾ?

ಸರಿಪಡಿಸುವಾಗ ಕಪ್ಪು ಟ್ಯೂಬ್‌ಗೆ ಕೈ ಹಾಕಬೇಡಿ. ಗಾಢಕ್ಕೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕಂದು ಬೆರೆಸಿ. ಕಪ್ಪಿಗೆ ಹತ್ತಿರದ, ಆದರೆ ಉಸಿರಾಡುವ ಬಣ್ಣ ಬರುತ್ತದೆ. ಇಡೀ ಹಿನ್ನೆಲೆಗೆ ಬಳಿಯಬೇಡಿ. ಹೂವಿನ ಒಂದು ಮಗ್ಗುಲಿಗೆ ಅಂಗೈ ಅಗಲ ಹಚ್ಚಿ, ಹಿಂದೆ ಸರಿದು ನೋಡಿ. ಅಷ್ಟೇ ಸಾಕಾಗುವುದು ಅಪರೂಪವೇನಲ್ಲ.

'ಡೂಪ್ಲಿಕೇಟ್ ಮಾಲು'

ನಮ್ಮ ಮೇಲಿನ ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ. ಗೇಟಿನ ಮೇಲೆ ಹಬ್ಬಿದ ಕಾಗದದ ಹೂವನ್ನು (ಬೋಗನ್‌ವಿಲ್ಲಾ) ಸಂಜೆ ಬಿಸಿಲಿನಲ್ಲಿ ನೋಡಿ ದೊಡ್ಡ ಕ್ಯಾನ್ವಾಸ್ ಮಾಡಿದ್ದರು. ಒಂದು ಭಾನುವಾರ ಅದನ್ನು ಹೊತ್ತು ಕೆಳಗಿಳಿದು ಬಂದರು.

"ನೋಡಮ್ಮ, ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ. ಇದು ಮೆಜೆಂಟಾನಾ? ಮಾಸಿದ ಬದನೆಕಾಯಿ."

"ಅಂಕಲ್, ಆ ಟ್ಯೂಬ್ ತನ್ನಿ."

ಟ್ಯೂಬಿನಿಂದ ಒಂದು ಹನಿಯನ್ನು ಬಿಳಿ ಪೇಪರ್ ಮೇಲೆ ಎಳೆದೆವು. ಕಾಗದದ ಹೂವಿನದೇ ಬಣ್ಣ, ಒಂದಿಷ್ಟೂ ಮೋಸ ಇಲ್ಲ. ಆಮೇಲೆ ಬೂದು ರಟ್ಟಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಕತ್ತರಿಸಿ, ಚಿತ್ರದ ಮೆಜೆಂಟಾ ಮೇಲೆ ಇಟ್ಟೆವು. ತೂತಿನೊಳಗೆ ಅದೇ ಶುದ್ಧ ಬಣ್ಣ. ರಟ್ಟು ತೆಗೆದರೆ ಮತ್ತೆ ಬದನೆಕಾಯಿ. ಅಂಕಲ್ ರಟ್ಟನ್ನು ಇಟ್ಟು ತೆಗೆದು, ಇಟ್ಟು ತೆಗೆದು ನೋಡಿದರು.

ಕಾರಣ ಸುತ್ತಲಿನ ಬಣ್ಣ. ಸಂಜೆ ಬಿಸಿಲು ಎಂದು ಅವರು ಮೆಜೆಂಟಾದ ನಾಲ್ಕೂ ಕಡೆ ಉರಿಯುವ ಕಿತ್ತಳೆ, ಕೆಂಪು ತುಂಬಿದ್ದರು. ಪ್ರಬಲವಾದ ಕೆಂಪಿನ ಪಕ್ಕ ಕೂತ ಮೆಜೆಂಟಾದಲ್ಲಿನ ಕೆಂಪು ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿರುವ ನೀಲಿ ಮಾತ್ರ ಕಾಣುತ್ತದೆ. ಬಣ್ಣ ಪಕ್ಕದ್ದರ ಎದುರಿಗೆ ವಾಲುವುದು ಕಣ್ಣಿನ ಗುಣ.

ಇದೇ ದೂರು ಪ್ಯಾರಿಸ್‌ನಲ್ಲೂ ಬಂದಿತ್ತು. ಗೋಬ್ಲಾಂ ಎಂಬ ಹೆಸರಾಂತ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಯೂಜೀನ್ ಷೆವ್ರೆಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥರಾದರು. ನೀಲಿ, ನೇರಳೆ ಬಟ್ಟೆಯ ನೆರಳಿಗೆ ಬಳಸುವ ಕಪ್ಪು ನೂಲಿನಲ್ಲಿ ದಮ್ ಇಲ್ಲ ಎಂದು ಅವರಿಗೆ ದೂರು. ಷೆವ್ರೆಲ್ ಬೇರೆ ಕಡೆಯ ಕಪ್ಪು ಉಣ್ಣೆಯನ್ನೂ ತರಿಸಿ ಹೋಲಿಸಿದರು. ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ನೀಲಿಯ ಪಕ್ಕ ಕೂತದ್ದರಿಂದ ಕಪ್ಪು ಸೊರಗಿ ಕಾಣುತ್ತಿತ್ತು. ಇದರ ಬಗ್ಗೆ ವರ್ಷಗಟ್ಟಲೆ ಪ್ರಯೋಗ ಮಾಡಿ 1839ರಲ್ಲಿ ಪ್ರಕಟಿಸಿದರು. ಯೂರೋಪಿನ ಚಿತ್ರಕಾರರು ಅದನ್ನು ಓದಿ ಬಣ್ಣ ಹಚ್ಚುವ ರೀತಿಯನ್ನೇ ಬದಲಿಸಿಕೊಂಡರು.

ನಮ್ಮ ಅಂಕಲ್ ಚಿತ್ರಕ್ಕೆ ಮದ್ದು ಸುಲಭವಾಗಿತ್ತು. ಮೆಜೆಂಟಾವನ್ನು ಮುಟ್ಟಲೇ ಇಲ್ಲ. ಹಸಿರಿಗೆ ಅದೇ ಮೆಜೆಂಟಾ ಒಂಚೂರು ಬೆರೆಸಿದರೆ ಮಾಸಲು ಹಸಿರು ಬರುತ್ತದೆ, ಒಣಗಿದ ಬೇವಿನೆಲೆಯ ಬಣ್ಣ. ಅದನ್ನು ಅಗಲ ಬ್ರಶ್‌ನಲ್ಲಿ ಕಿತ್ತಳೆಯ ಒಂದು ಭಾಗದ ಮೇಲೆ, ಹೂವಿನ ಅಂಚಿಗೆ ತಾಗುವಂತೆ ಎಳೆದೆವು. ಮೆಜೆಂಟಾ ತಟ್ಟನೆ ಮುಂದೆ ಬಂತು. ಕಿತ್ತಳೆ ಇನ್ನೊಂದು ಮಗ್ಗುಲಲ್ಲಿ ಉಳಿಯಿತು, ಅಲ್ಲಿ ಹೂವು ನೇರಳೆಯಾಗಿಯೇ ಇತ್ತು. ಅದೂ ಚೆನ್ನಾಗಿಯೇ ಕಂಡಿತು. ಒಂದೇ ಟ್ಯೂಬಿನಿಂದ ಎರಡು ಬಣ್ಣ ಸಿಕ್ಕ ಹಾಗಾಯಿತು. "ಅಂಗಡಿಯವನಿಗೆ ಸುಮ್ನೆ ಬೈದೆ" ಎಂದು ಅಂಕಲ್ ಕ್ಯಾನ್ವಾಸ್ ಹೊತ್ತು ಮೆಟ್ಟಿಲು ಹತ್ತಿದರು.

ಎಲ್ಲವೂ ಕೂಗುತ್ತಿರುವ ಚಿತ್ರಕ್ಕೆ ಇದೇ ಮದ್ದು. ಮಾಸಲು ಬಣ್ಣಕ್ಕೆ ಜಾಗ ಕೊಡಿ. ಶುದ್ಧ ಬಣ್ಣ ಚಿತ್ರದ ಐದನೇ ಒಂದು ಭಾಗ ಇದ್ದರೂ ಸಾಕು.

ರಾಡಿ

ರಾಡಿಯಲ್ಲಿ ಎರಡು ಬಗೆ. ಎರಡಕ್ಕೂ ಮದ್ದು ಬೇರೆ. ಮೊದಲು ಯಾವುದು ಎಂದು ನೋಡಿ. ಪ್ಯಾಲೆಟ್‌ನಲ್ಲಿ ಬೆರೆಸಿದ ಬಣ್ಣವನ್ನು ಶುಭ್ರ ಪೇಪರಿಗೆ ಎಳೆಯಿರಿ. ಅಲ್ಲೇ ರಾಡಿ ಕಂಡರೆ ದೋಷ ಬೆರಕೆಯಲ್ಲಿ. ಪೇಪರಿನಲ್ಲಿ ಸ್ವಚ್ಛವಾಗಿದ್ದು ಕ್ಯಾನ್ವಾಸಿನಲ್ಲಿ ರಾಡಿಯಾದರೆ ದೋಷ ಕೆಳಗಿನ ಹಸಿ ಬಣ್ಣದಲ್ಲಿ, ಬ್ರಶ್‌ನಲ್ಲಿ, ಇಲ್ಲ ನೀರಿನಲ್ಲಿ.

ಎರಡನೆಯದು ಸುಲಭ. ಹಸಿ ಹಸಿರಿನ ಮೇಲೆ ಗುಲಾಬಿ ಎಳೆದರೆ ಕಂದು ಬಾರದೆ ಇನ್ನೇನು ಬಂದೀತು? ಎದುರುಬದುರಿನ ಬಣ್ಣಗಳು, ಅಂದರೆ ಹಸಿರು-ಮೆಜೆಂಟಾ, ಹಳದಿ-ನೇರಳೆ, ನೀಲಿ-ಕಿತ್ತಳೆ, ಇವು ಹಸಿಯಾಗಿ ಮುಟ್ಟದಂತೆ ನೋಡಿಕೊಳ್ಳಿ. ನಡುವೆ ಒಣಗಲು ಬಿಡಿ. ಬಿರುಸಿನಲ್ಲಿ ನಿಲ್ಲಿಸಲು ಆಗದಿದ್ದರೆ ಒಂದೇ ಕುಟುಂಬದ ಬಣ್ಣಗಳಲ್ಲಿ ಓಡಿ: ಹಳದಿ, ಕಿತ್ತಳೆ, ಕೆಂಪು. ಬ್ರಶ್ ತೊಳೆಯಲು ಎರಡು ಡಬ್ಬ ನೀರು ಇಟ್ಟುಕೊಳ್ಳಿ, ಒಂದು ಕೊಳೆ ಬಿಡಿಸಲು, ಇನ್ನೊಂದು ಜಾಲಿಸಲು. ಎರಡನೆಯದರ ನೀರು ಬಣ್ಣಕ್ಕೆ ತಿರುಗಿತು ಅಂದರೆ ಚೆಲ್ಲುವ ಹೊತ್ತು.

ಬೆರಕೆಯ ರಾಡಿಗೆ ಟ್ಯೂಬ್ ತಿರುಗಿಸಿ ಹಿಂಬದಿ ಓದಬೇಕು. ಮುಂದಿನ ಹೆಸರು ನಂಬಬೇಡಿ. 'ರೋಸ್', 'ವಯಲೆಟ್' ಎಂದೆಲ್ಲ ಕಂಪನಿಗೊಂದು ಹೆಸರಿಡುತ್ತಾರೆ. ಸಣ್ಣ ಅಕ್ಷರದಲ್ಲಿ ಪಿಗ್ಮೆಂಟ್ ಕೋಡ್, ಅಂದರೆ ಒಳಗಿನ ಬಣ್ಣದ ಪುಡಿಯ ಗುರುತು ಇರುತ್ತದೆ. ಒಂದೇ ಕೋಡ್ ಇದ್ದರೆ ಒಂದೇ ಪುಡಿಯಿಂದ ಮಾಡಿದ್ದು. ಮೂರು ಕೋಡ್ ಇದ್ದರೆ ಅದು ಆಗಲೇ ಮೂರು ಬಣ್ಣದ ಬೆರಕೆ. ಅಂಥ ಎರಡು ಟ್ಯೂಬ್ ಬೆರೆಸಿದರೆ ಆರು ಬಣ್ಣ ಬೆರೆಸಿದಂತೆ. ರಾಡಿ ಆಗುವುದರಲ್ಲಿ ಆಶ್ಚರ್ಯ ಏನಿದೆ?

ನಮ್ಮ ಹೂಗಳಿಗೆ ಬೇಕಾದ ಕೆಲವು ಹೇಳುತ್ತೇನೆ. ಕಾಗದದ ಹೂವಿಗೆ ಪಿಆರ್ 122, ಅದು ಕ್ವಿನಾಕ್ರಿಡೋನ್ ಮೆಜೆಂಟಾ. ಇದು ಇಲ್ಲದೆ ಬೇರೆ ಕೆಂಪಿಗೆ ನೀಲಿ ಸೇರಿಸಿ ಆ ಬಣ್ಣ ತರಲು ಆಗುವುದಿಲ್ಲ. ಕಿತ್ತಳೆಯತ್ತ ವಾಲಿದ ಕೆಂಪಿನಲ್ಲಿ ಹಳದಿಯ ಅಂಶ ಇರುತ್ತದೆ, ನೀಲಿ ತಾಗಿದ ಕೂಡಲೇ ಅದು ಕಂದು. ಈ ಒಂದು ಟ್ಯೂಬಿಗೆ ಸ್ವಲ್ಪ ಜಾಸ್ತಿ ದುಡ್ಡು ಹಾಕಿ, ಉಳಿದವು ಅಗ್ಗದ್ದಾದರೂ ನಡೆಯುತ್ತದೆ. ದಾಸವಾಳಕ್ಕೆ ಪಿಆರ್ 254, ಅದರ ನೆರಳಿಗೆ ಕಪ್ಪಲ್ಲ, ಅದೇ ಮೆಜೆಂಟಾ. ಚೆಂಡು ಹೂವಿಗೆ ಪಿವೈ 74. ಕಿತ್ತಳೆ ಚೆಂಡು ಹೂವಾದರೆ ಅದಕ್ಕೇ ಪಿಆರ್ 254 ಒಂದು ಹನಿ. ಜಕರಂಡಾಗೆ ಅಲ್ಟ್ರಾಮರೀನ್, ಅಂದರೆ ಪಿಬಿ 29, ಜೊತೆಗೆ ಮೆಜೆಂಟಾ, ಬಿಳಿ. ಡಯಾಕ್ಸಜೀನ್ ನೇರಳೆ, ಪಿವಿ 23 ಬಳಸುವುದಾದರೆ ಸೂಜಿಮೊನೆಯಷ್ಟು ಮಾತ್ರ. ಅದು ಇಡೀ ಪ್ಯಾಲೆಟ್ಟನ್ನೇ ನುಂಗುವ ಬಣ್ಣ.

ಟ್ಯೂಬ್ ಮೇಲೆ ಒಂದು ಪುಟ್ಟ ಚೌಕವೂ ಇರುತ್ತದೆ. ಖಾಲಿ ಚೌಕ ಇದ್ದರೆ ಪಾರದರ್ಶಕ ಬಣ್ಣ, ತುಂಬಿದ ಚೌಕ ಇದ್ದರೆ ಕೆಳಗಿನದನ್ನು ಮುಚ್ಚುವ ಬಣ್ಣ. ಮುಂದಿನ ದೋಷಕ್ಕೆ ಇದು ಬೇಕು.

ಸುಣ್ಣ ಬಳಿದಂತಾಗಿದೆ

ತಿಳಿ ಗುಲಾಬಿ ಟಬೂಬಿಯಾ ಹೂವು ಮಾಡಲು ಹೋಗಿ ಎಲ್ಲದಕ್ಕೂ ಬಿಳಿ ಬೆರೆಸಿದ್ದೀರಿ. ಟೈಟಾನಿಯಂ ಬಿಳಿ ಬಲು ಜೋರು. ಬಣ್ಣವನ್ನು ತಿಳಿ ಮಾಡುವುದರ ಜೊತೆಗೆ ಅದರ ಬಿಸುಪನ್ನೂ ಕಸಿಯುತ್ತದೆ. ಸುಮ್ನೆ ಬಣ್ಣ ಸೇರಿಸಿದರೆ ಸರಿಹೋಗುವುದಿಲ್ಲ. ಆ ಭಾಗ ಪೂರ್ತಿ ಒಣಗಲಿ. ಖಾಲಿ ಚೌಕದ ಮೆಜೆಂಟಾವನ್ನು ಗ್ಲೇಜಿಂಗ್ ಮೀಡಿಯಂ ಎಂಬ ಪಾರದರ್ಶಕ ದ್ರವದಲ್ಲಿ ತೆಳುವಾಗಿ ಕರಗಿಸಿ ಮೇಲೆ ಒಂದು ಪದರ ಎಳೆಯಿರಿ. ಬೆಳಕು ಆ ತೆಳು ಪದರ ದಾಟಿ, ಕೆಳಗಿನ ಬಿಳಿಗೆ ತಾಗಿ, ಮತ್ತೆ ಬಣ್ಣದ ಮೂಲಕವೇ ಹೊರಬರುತ್ತದೆ. ದಳಕ್ಕೆ ಬಿಸಿಲು ಹಿಡಿದ ಕಳೆಗೆ ನಾವು ತಲುಪಬಹುದಾದ ಅತಿ ಹತ್ತಿರದ ದಾರಿ ಇದೇ. ಮುಂದಿನ ಸಲ ಬಿಳಿ ಟ್ಯೂಬ್ ಕಡಿಮೆ ಮಾಡಿ, ಕ್ಯಾನ್ವಾಸಿನ ಬಿಳುಪನ್ನೇ ಅಲ್ಲಲ್ಲಿ ಉಳಿಸಿ.

ಫ್ಲೋರೊಸೆಂಟ್ ಗುಲಾಬಿ ಬಗ್ಗೆ ಒಂದು ಮಾತು. ಹಚ್ಚಿದ ದಿನ ಅದನ್ನು ಮೀರಿಸುವ ಬಣ್ಣ ಇಲ್ಲ. ಆದರೆ ಬೆಳಕಿಗೆ ಬೇಗ ಮಾಸುತ್ತದೆ. ಬಿಸಿಲು ಬೀಳುವ ಗೋಡೆಗೆ ಹಾಕಿದ ಚಿತ್ರದಲ್ಲಿ ಗುಲಾಬಿ ಮಾತ್ರ ಮಾಯವಾಗುತ್ತಿದ್ದರೆ ಟ್ಯೂಬ್ ನೋಡಿ, ಇದೇ ಇರುತ್ತದೆ.

ಕ್ಯಾನ್ವಾಸಿನ ತಕರಾರು

ಅಂಗಡಿಯ ಅಗ್ಗದ ರೆಡಿ ಕ್ಯಾನ್ವಾಸ್ ಮೇಲೆ ಒಂದು ಹನಿ ನೀರು ಬಿಡಿ. ಥಟ್ಟನೆ ಹೀರಿಕೊಂಡರೆ ಬಣ್ಣವನ್ನೂ ಹಾಗೇ ಹೀರುತ್ತದೆ, ಮೇಲ್ಮೈ ಸುಣ್ಣದ ಗೋಡೆಯಂತೆ ಒಣಕಲಾಗುತ್ತದೆ. ಎರಡು ಪದರ ಜೆಸ್ಸೋ ಹೊಡೆದು, ನಡುವೆ 220ನೇ ನಂಬರ್ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ.

ಬಣ್ಣ ಚರ್ಮ ಕಿತ್ತಂತೆ ಎದ್ದು ಬರುತ್ತಿದೆಯೇ? ಅರ್ಧ ಒಣಗಿದ್ದನ್ನು ಮತ್ತೆ ಬ್ರಶ್‌ನಿಂದ ಉಜ್ಜಿದ್ದೀರಿ. ಪೂರ್ತಿ ಹಸಿಯಿದ್ದಾಗ ಮುಟ್ಟಿ, ಇಲ್ಲ ಪೂರ್ತಿ ಒಣಗಿದ ಮೇಲೆ ಮುಟ್ಟಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಗಾಳಿ ಎಷ್ಟು ಒಣ ಎಂದರೆ ಈ ನಡುವಿನ ಹೊತ್ತು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂದುಬಿಡುತ್ತದೆ. ಪ್ಯಾಲೆಟ್ಟಿನ ಬಣ್ಣವೂ ಗಟ್ಟಿ. ಅಗಲದ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಹಿಂಡಿ. ಮುಚ್ಚಳ ಹಾಕಿದರೆ ಮರುದಿನಕ್ಕೂ ಹಸಿ ಇರುತ್ತದೆ.

ಮಳೆಗಾಲದಲ್ಲಿ ಇದರ ಉಲ್ಟಾ. ದಪ್ಪಗೆ ಹಚ್ಚಿದ ಬಣ್ಣದ ಮೇಲ್ಪದರ ಒಣಗಿದ್ದರೂ ಒಳಗೆ ಹಸಿ ಉಳಿಯುತ್ತದೆ. ಒಂದೇ ಸಲ ದಪ್ಪಗೆ ಸುರಿದರೆ ಬಿರುಕು ಬಿಡುತ್ತದೆ. ಬ್ರಶ್ ಬದಲು ನೈಫ್‌ನಿಂದ ಬಣ್ಣ ಹಚ್ಚಲು ಇಷ್ಟಪಡುವವರು ಪದರ ಪದರವಾಗಿ ಏರಿಸಿ. ಸ್ಪ್ರೇ ವಾರ್ನಿಶ್ ಮಳೆ ಸುರಿಯುವ ದಿನ ಬೇಡವೇ ಬೇಡ, ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಬಂದಿದ್ದರೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಹೊರಗೆ ಒಯ್ದು ಒಣ ಬ್ರಶ್‌ನಿಂದ ತೆಗೆಯಿರಿ. ಆಮೇಲೆ ಗೋಡೆಗೆ ಅಂಟಿಸಿ ಇಡಬೇಡಿ, ಹಿಂದೆ ಗಾಳಿ ಆಡಬೇಕು.

'ಕರ್ಟನ್ ಬಟ್ಟೆ ಡಿಸೈನ್ ಇದ್ದ ಹಾಗಿದೆ'

ಮನೆಗೆ ಬಂದ ನೆಂಟರು ಹೀಗೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಒಂದು ನಿಜವಾದ ದೋಷವನ್ನೇ ಹೇಳಿದ್ದಾರೆ. ಎಲ್ಲ ಹೂಗಳೂ ಒಂದೇ ಗಾತ್ರ, ಒಂದೇ ಅಂತರ, ಎಲ್ಲ ಗೀಟೂ ಒಂದೇ ಬ್ರಶ್‌ನದು, ಎಲ್ಲ ಅಂಚೂ ಒಂದೇ ಸಮ ಚೂಪು. ಕಣ್ಣಿಗೆ ಕೂರಲು ಜಾಗವಿಲ್ಲ.

ಪರೀಕ್ಷೆ: ಚಿತ್ರವನ್ನು ತಲೆಕೆಳಗಾಗಿ ಇಡಿ. ಒಂದೊಂದು ಕಾಲು ಭಾಗವನ್ನು ಪೇಪರಿನಿಂದ ಮುಚ್ಚಿ. ಯಾವ ಭಾಗ ಮುಚ್ಚಿದರೂ ಚಿತ್ರಕ್ಕೆ ಏನೂ ನಷ್ಟ ಆಗದಿದ್ದರೆ ಕರ್ಟನ್ ಎಂದೇ ಅರ್ಥ. ಒಂದು ಭಾಗವನ್ನು ಮುಚ್ಚಿದ ಕೂಡಲೇ ಉಳಿದದ್ದು ಚೆನ್ನಾಗಿ ಕಂಡರೆ ನಿಮ್ಮ ದೋಷ ಆ ಪೇಪರಿನ ಕೆಳಗಿದೆ.

ಅಳತೆಯ ವಿಷಯದಲ್ಲಿ ಕೆ.ಆರ್. ಮಾರುಕಟ್ಟೆಯೇ ಮೇಷ್ಟ್ರು. ಬೆಳಗಿನ ಜಾವ ಮೇಲಿನ ಮಹಡಿಯಿಂದ ಕೆಳಗೆ ನೋಡಿ. ಚೆಂಡು ಹೂವಿನ ರಾಶಿ ಗುಡ್ಡದಷ್ಟು. ಸೇವಂತಿಗೆ ಅದಕ್ಕಿಂತ ಕಮ್ಮಿ. ಕನಕಾಂಬರ ಒಂದು ಪುಟ್ಟ ಬುಟ್ಟಿಯಲ್ಲಿ, ಆದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೂಟೆಯ ಗೋಣಿಯ ಮಣ್ಣುಬಣ್ಣ, ಒದ್ದೆ ನೆಲದ ಬೂದು ಇವೆಲ್ಲ ಸುತ್ತ ಇರುವುದರಿಂದಲೇ ಆ ಹಳದಿ ಅಷ್ಟು ಹಳದಿ. ದೊಡ್ಡದು ಒಂದು, ನಡುವಿನದು ಒಂದು, ಚಿಕ್ಕದು ಒಂದು, ಉಳಿದದ್ದು ಮಾಸಲು. ಕ್ಯಾನ್ವಾಸಿನಲ್ಲೂ ಹಾಗೇ ಹಂಚಿ ನೋಡಿ.

ಇನ್ನು ಎಲ್ಲ ಹೂವನ್ನೂ ಒಂದೇ ಚಿತ್ರಕ್ಕೆ ತುಂಬುವ ಆಸೆ. ಆಗಸ್ಟ್ ಮತ್ತು ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆ ಇದು ಜಾಸ್ತಿ. ಗಾಜಿನ ಮನೆಯೊಳಗೆ ಎಲ್ಲ ಬಣ್ಣವೂ ಒಟ್ಟಿಗೇ ಇರುತ್ತದೆ ನಿಜ. ನನಗೆ ಮಾತ್ರ ಬೀದಿಮರಗಳ ಲೆಕ್ಕಾಚಾರವೇ ಇಷ್ಟ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ತೋಟಗಾರ ಕೃಂಬಿಗಲ್, ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಶುರುವಾಗುವಂತೆ ಈ ಊರಿಗೆ ಮರಗಳನ್ನು ಆರಿಸಿದರು. ಟಬೂಬಿಯಾ, ಜಕರಂಡಾ, ಗುಲ್‌ಮೊಹರ್ ತಮ್ಮ ತಮ್ಮ ಸರದಿಗೆ ಬರುತ್ತವೆ. ಒಂದು ಕ್ಯಾನ್ವಾಸಿಗೆ ಒಂದೇ ಸರದಿ ಸಾಕು.

ಚಿತ್ರ ಅಮೂರ್ತ ಆಗುವ ಬದಲು ಶುಭಾಶಯ ಪತ್ರದ ಹೂವಾಗುತ್ತಿದ್ದರೆ ದೋಷ ಸಾಮಾನ್ಯವಾಗಿ ಫೋನಿನಲ್ಲಿದೆ. ಫೋಟೋ ನೋಡಿ ಬರೆದರೆ ಕೈ ದಳ ಎಣಿಸಲು ಶುರುಮಾಡುತ್ತದೆ. ಬಣ್ಣದ ವಿಷಯದಲ್ಲೂ ಫೋನ್ ಮೋಸ ಮಾಡುತ್ತದೆ. ಕಾಗದದ ಹೂವು, ಕೆಂಪು ದಾಸವಾಳದಂಥ ಕಡು ಬಣ್ಣಗಳನ್ನು ಹಿಡಿಯುವಾಗ ಒಳಗಿನ ಶೇಡ್‌ಗಳೆಲ್ಲ ಕಳೆದು ಒಂದೇ ಮುದ್ದೆ ಆಗುತ್ತದೆ. ಫೋಟೋ ಬಿಟ್ಟು ಗಿಡದ ಮುಂದೆ ಕೂರಿ. ಪೇಪರ್ ನೋಡದೆ, ಹೂವನ್ನಷ್ಟೇ ನೋಡುತ್ತಾ ಪೆನ್ಸಿಲ್ ಓಡಿಸಿ. ದಾಸವಾಳವಾದರೆ ಬೆಳಿಗ್ಗೆ ಅರಳುವುದನ್ನೂ ಸಂಜೆ ಮುದುಡುವುದನ್ನೂ ಎರಡೂ ನೋಡಿ. ಹೆಚ್ಚಿನ ದಾಸವಾಳಕ್ಕೆ ಆಯಸ್ಸು ಒಂದೇ ದಿನ. ಆಮೇಲೆ ಹಾಳೆಗಳನ್ನು ಪಕ್ಕಕ್ಕಿಟ್ಟು, ಮರುದಿನ ನೆನಪಿನಿಂದ ಬಣ್ಣ ಹಚ್ಚಿ. ಫ್ರಾನ್ಸಿನ ವೆತೆಯ್ ಎಂಬ ಊರಿನಲ್ಲಿ ತೋಟದ ಮನೆ ಮಾಡಿಕೊಂಡಿದ್ದ ಅಮೆರಿಕದ ಚಿತ್ರಕಾರ್ತಿ ಜೋನ್ ಮಿಚೆಲ್ ದೊಡ್ಡ ದೊಡ್ಡ ಅಮೂರ್ತ ಚಿತ್ರಗಳನ್ನು ಮಾಡಿದ್ದು ಹೀಗೇ, ಕಂಡ ನೋಟವನ್ನು ನೆನಪಿನಿಂದ. ಮರೆತದ್ದು ತಾನಾಗಿ ಉದುರಿಹೋಗುತ್ತದೆ.

ತಿದ್ದಿ ತಿದ್ದಿ ಸತ್ತ ಚಿತ್ರಕ್ಕೆ ಒಂದೇ ದಾರಿ: ಅದರಲ್ಲಿ ಇನ್ನೂ ಚೆನ್ನಾಗಿರುವ ಒಂದು ತುಂಡನ್ನು ಗುರುತಿಸಿ, ಉಳಿದದ್ದರ ಮೇಲೆ ಮಾಸಲು ಬಣ್ಣ ಎಳೆದು ಮುಚ್ಚಿ. ಆ ಚೆನ್ನಾಗಿರುವ ತುಂಡಿನ ಮೇಲೆ ಮೋಹ ಜಾಸ್ತಿಯಾಗಿ ಅದರಿಂದಲೇ ಚಿತ್ರ ಕೆಟ್ಟಿರುವುದೂ ಉಂಟು. ಹಾಗಿದ್ದರೆ ಅದನ್ನೇ ಮೊದಲು ಮುಚ್ಚಿ.

ಮುಗಿದ ಮೇಲೂ ಬರುವ ದೋಷ

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಚಿತ್ರ ಒಯ್ಯುವವರು ಇದನ್ನು ಗಮನಿಸಿ. ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೂ ಬಿಸಿಗೆ ಮೆತ್ತಗಾಗಿ ಅಂಟುತ್ತದೆ. ಎರಡು ಕ್ಯಾನ್ವಾಸ್ ಮುಖಕ್ಕೆ ಮುಖ ಸೇರಿಸಿ ಆಟೋದಲ್ಲಿ ಒತ್ತಿ ಇಟ್ಟರೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಗುಂಡನೆಯ ಗುರುತು ಬಣ್ಣದ ಮೇಲೆ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ಬೇಕಿಂಗ್‌ಗೆ ಬಳಸುವ, ಅಂಟದ ಸಿಲಿಕೋನ್ ಪೇಪರ್ ಮೊದಲು ಹಾಸಿ, ಅದರ ಮೇಲೆ ರಟ್ಟು, ಬಬಲ್ ರ‍್ಯಾಪ್ ಎಲ್ಲಕ್ಕಿಂತ ಹೊರಗೆ. ಈಗಾಗಲೇ ಅಂಟಿಕೊಂಡಿದ್ದರೆ ಜಗ್ಗಬೇಡಿ. ಚಿಕ್ಕ ಚಿತ್ರಗಳಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ವಲ್ಪ ಹೊತ್ತು ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಇಡಿ. ಫ್ರೀಜರ್ ಬೇಡ. ತಣ್ಣಗಾದಾಗ ಬಣ್ಣ ಗಟ್ಟಿಯಾಗಿ ಹಿಡಿತ ಸಡಿಲವಾಗುತ್ತದೆ. ಆಗ ಒಂದು ಮೂಲೆಯಿಂದ ನಿಧಾನಕ್ಕೆ ಬಿಡಿಸಿ. ಕ್ಯಾನ್ವಾಸನ್ನು ಮಾತ್ರ ಬಗ್ಗಿಸಬೇಡಿ, ತಣ್ಣಗಿರುವ ಅಕ್ರಿಲಿಕ್ ಸೀಳುತ್ತದೆ.